ಬಿದ್ದ ನೆಲದಲ್ಲೇ ಮಣ್ಣಾಗಬೇಕಿತ್ತೇ?

ಮೊದಲ ಮಹಾಯುದ್ಧದಲ್ಲಿ ಸತ್ತ ಬ್ರಿಟಿಷ್ ಸಾಮ್ರಾಜ್ಯದ ಸೈನಿಕರ ದೇಹವನ್ನು ಊರಿಗೆ ತರಕೂಡದು, ಎಲ್ಲರಿಗೂ ಒಂದೇ ಅಳತೆಯ ಕಲ್ಲು ನಿಲ್ಲಿಸಬೇಕು. 1917ರಲ್ಲಿ ಹುಟ್ಟಿದ ಸಾಮ್ರಾಜ್ಯ ಯುದ್ಧ ಸಮಾಧಿ ಆಯೋಗ ಹಿಡಿದ ಪಟ್ಟು ಇದು. 1920ರ ಮೇ 4ರಂದು ಲಂಡನ್ನಿನ ಸಂಸತ್ತಿನಲ್ಲಿ ಇದರ ಮೇಲೆ ಬಿರುಸಿನ ವಾದ ನಡೆಯಿತು. ಆ ಪಟ್ಟು ಸರಿಯಿತ್ತೇ?

ಪರ

1915ರ ಏಪ್ರಿಲ್‌ನಲ್ಲಿ ಫ್ರಾನ್ಸಿನಲ್ಲಿ ಗುಂಡೇಟಿಗೆ ಸತ್ತ ಒಬ್ಬ ಲೆಫ್ಟಿನೆಂಟನ ದೇಹ ವೇಲ್ಸಿನ ಅವನ ಮನೆತನದ ಊರಿಗೆ ಬಂದಿತು. ಅವನು ಮಾಜಿ ಪ್ರಧಾನಿ ಗ್ಲ್ಯಾಡ್‌ಸ್ಟನ್ನರ ಮೊಮ್ಮಗ. ದೊರೆಯ ಅಪ್ಪಣೆ ಸಿಗುವುದು ಕಷ್ಟವಾಗಲಿಲ್ಲ. ಗಣಿ ಕೂಲಿಯ ಮಗ ಅದೇ ಕಂದಕದಲ್ಲಿ ಸತ್ತಿದ್ದರೆ ಅಪ್ಪಣೆ ಕೇಳಲು ಯಾರು ಹೋಗುತ್ತಿದ್ದರು? ಆಯೋಗವನ್ನು ಕಟ್ಟಿದ ಫೇಬಿಯನ್ ವೇರ್ ಹಟ ಹಿಡಿದು ಆ ಬಾಗಿಲನ್ನು ಮುಚ್ಚಿಸಿದ್ದು ಇದಾದ ಮೇಲೆಯೇ. ಅದು ಕಲ್ಲೆದೆಯ ಕೆಲಸವೆಂದು ಹಲವರು ಬೈದರು. ಬೈದವರಲ್ಲಿ ಹೆಚ್ಚಿನವರು ದೇಹವನ್ನು ತರಿಸಿಕೊಳ್ಳುವ ಶಕ್ತಿ ಇದ್ದವರೇ ಎಂಬುದು ನನ್ನ ಗುಮಾನಿ.

ಲೆಕ್ಕವನ್ನೂ ನೋಡಿ. 1918ರ ಹೊತ್ತಿಗೆ ಗುರುತು ಸಿಕ್ಕ ಸಮಾಧಿಗಳು ಸುಮಾರು 5,87,000. ಸಮಾಧಿ ಎಲ್ಲಿದೆಯೆಂದೇ ತಿಳಿಯದವರು ಸುಮಾರು 5,59,000. ಒಂದು ಬೀದಿಯಲ್ಲಿ ಒಂದು ಮನೆಗೆ ಪೆಟ್ಟಿಗೆ ಬಂದು, ಪಕ್ಕದ ಮನೆಗೆ ಏನೂ ಬಾರದೆ ಹೋದರೆ ಆ ಎರಡನೆಯ ತಾಯಿಯ ಪಾಡೇನು? ಲೇಖಕ ರಡ್ಯಾರ್ಡ್ ಕಿಪ್ಲಿಂಗರ ಒಬ್ಬನೇ ಮಗ 1915ರಲ್ಲಿ ಫ್ರಾನ್ಸಿನ ಲೂಸ್ ಕಾಳಗದಲ್ಲಿ ಕಾಣೆಯಾದ. ಮಗನ ಸಮಾಧಿ ಇಂಥ ಕಡೆ ಇದೆಯೆಂದು ಗೊತ್ತಿರುವವರೇ ಪುಣ್ಯವಂತರು ಎಂಬ ಅರ್ಥದ ಅವರ ಪತ್ರವನ್ನು ಆ ದಿನ ಸಂಸತ್ತಿನಲ್ಲಿ ಓದಲಾಯಿತು.

ಮನೆಯವರ ಹೊಣೆಗೆ ಬಿಟ್ಟಿದ್ದರೆ ಮೈಸೂರಿನ ಕುದುರೆ ಸವಾರನ ಗತಿ ಏನಾಗುತ್ತಿತ್ತು? 1918ರ ಸೆಪ್ಟೆಂಬರ್ 23ರಂದು ಈಟಿ ಹಿಡಿದ ಕುದುರೆ ಸವಾರರಾದ ಜೋಧಪುರ ಮತ್ತು ಮೈಸೂರು ಲ್ಯಾನ್ಸರ್‌ಗಳು ಇಂದಿನ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣವನ್ನು ಗೆದ್ದರು. ಅಲ್ಲಿ ಭಾರತೀಯ ಸೈನಿಕರ ಸ್ಮಶಾನ ಇಂದಿಗೂ ಅಚ್ಚುಕಟ್ಟಾಗಿ ಉಳಿದಿದೆಯೆಂದರೆ ಅದಕ್ಕೆ ಕಾರಣ ಯಾವ ಶ್ರೀಮಂತ ಕುಟುಂಬವೂ ಅಲ್ಲ. ವರ್ಷವೂ ತಪ್ಪದೆ ಕೆಲಸ ಮಾಡುವ ಒಂದು ಸಂಸ್ಥೆ.

ಆ ಕೆಲಸದ ನಾಜೂಕನ್ನು ಹತ್ತಿರದಿಂದ ನೋಡಬೇಕು. ಕಲ್ಲಿನ ಎತ್ತರ 81 ಸೆಂಟಿಮೀಟರ್. ಜನರಲ್‌ಗೂ ಅಷ್ಟೇ, ಅಡುಗೆಯವನಿಗೂ ಅಷ್ಟೇ. ಕಲ್ಲಿನ ಬುಡದಲ್ಲಿ ಗುಲಾಬಿಯನ್ನೂ ಗಿಡ್ಡ ಹೂಗಿಡಗಳನ್ನೂ ನೆಡುತ್ತಾರೆ. ಅವು ಬರೀ ಅಂದಕ್ಕಲ್ಲ. ಮಳೆ ಬಿದ್ದಾಗ ಕೆಸರು ಸಿಡಿದು ಹೆಸರಿನ ಮೇಲೆ ಕೂರದಿರಲಿ ಎಂದು. ಮನೆಯವರೇ ನೋಡಿಕೊಂಡಿದ್ದರೂ ಇಷ್ಟು ಯೋಚಿಸುತ್ತಿದ್ದರೇ? ಊರ ಸ್ಮಶಾನದಲ್ಲಿ ಮೂರನೆಯ ತಲೆಮಾರಿಗೆ ಪಾರ್ಥೇನಿಯಂ ಮುಚ್ಚಿದ ಕಲ್ಲುಗಳನ್ನು ನಾವೆಲ್ಲ ನೋಡಿದ್ದೇವೆ.

ವಿರೋಧ

ಸಾವಿನ ಮನೆಗೆ ಹೋಗುವುದಕ್ಕೆ ನಮ್ಮಲ್ಲಿ ‘ಮಣ್ಣಿಗೆ ಹೋಗುವುದು’ ಎನ್ನುತ್ತಾರೆ. ಹಿಡಿ ಮಣ್ಣು ಹಾಕಿ ಬಂದವರಿಗೆ ಸತ್ತವರು ಸತ್ತರೆಂಬ ನಂಬಿಕೆ ಬರುತ್ತದೆ. ಆ ಹಿಡಿ ಮಣ್ಣಿನ ಹಕ್ಕನ್ನೇ ಆಯೋಗ ಕಿತ್ತುಕೊಂಡಿತು. 1916ರಲ್ಲಿ ಕಾನೂನು ಮಾಡಿ ಮಗನನ್ನು ಯುದ್ಧಕ್ಕೆ ಎಳೆದೊಯ್ದದ್ದು ಸರ್ಕಾರ. ಸತ್ತ ಮೇಲೂ ಅವನು ನಮ್ಮವನೇ ಎಂದದ್ದು ಅದೇ ಸರ್ಕಾರ.

ಬೈದವರೆಲ್ಲ ಉಳ್ಳವರು ಎಂಬ ಮಾತನ್ನು ಒಪ್ಪಲಾರೆ. ಮೂವರು ಗಂಡುಮಕ್ಕಳನ್ನು ಯುದ್ಧಕ್ಕೆ ಕಳೆದುಕೊಂಡ ಲೇಡಿ ಫ್ಲಾರೆನ್ಸ್ ಸೆಸಿಲ್ 1919ರಲ್ಲಿ ಯುವರಾಜನಿಗೆ ಕೊಟ್ಟ ಮನವಿಗೆ 8,000ಕ್ಕೂ ಹೆಚ್ಚು ಮಂದಿ ಸಹಿ ಹಾಕಿದ್ದರು. ಅಷ್ಟೂ ಜನ ಸಿರಿವಂತರಾಗಿದ್ದರೇ? ಅವರು ಕೇಳಿದ್ದು ಅರಮನೆಯನ್ನಲ್ಲ. ಚಪ್ಪಟೆ ಕಲ್ಲಿನ ಬದಲು ಶಿಲುಬೆಯ ಆಕಾರವನ್ನು. ಅದೂ ಸಿಗಲಿಲ್ಲ. ಸಿಕ್ಕಿದ್ದು ಕಲ್ಲಿನ ಕೆಳತುದಿಯಲ್ಲಿ ಮನೆಯವರ ಮಾತಿಗೆ 66 ಅಕ್ಷರಗಳ ಜಾಗ. ಪದಗಳ ನಡುವಿನ ಖಾಲಿಯೂ ಆ ಲೆಕ್ಕದಲ್ಲೇ! ಅಕ್ಷರಕ್ಕೆ ಮೂರೂವರೆ ಪೆನ್ನಿ ದರ. 66ನ್ನೂ ಬಳಸಿದರೆ ಹೆಚ್ಚು ಕಡಿಮೆ ಒಂದು ಪೌಂಡ್ (ಆಗ ಪೌಂಡಿಗೆ 240 ಪೆನ್ನಿ). ಆಮೇಲೆ ಕೊಟ್ಟರೆ ಕೊಡಿ, ಬಿಟ್ಟರೆ ಬಿಡಿ ಎಂದರೇನೋ ನಿಜ. ಆದರೂ ದೀಪದ ಬುಡದಲ್ಲಿ ಕುಳಿತು, ಮಗನ ಬಗ್ಗೆ ಹೇಳಬೇಕಾದ್ದನ್ನು ಬೆರಳೆಣಿಸಿ ಮೊಟಕುಮಾಡುವ ತಾಯಿಯನ್ನು ನೆನೆದರೆ ಸಮಾನತೆಯ ಮಾತು ನನ್ನ ಬಾಯಿಗೆ ಬರುವುದಿಲ್ಲ.

ಬೇರೆ ದಾರಿ ಇರಲಿಲ್ಲವೇ? ಇತ್ತು. ಅಮೆರಿಕ ಮನೆಯವರನ್ನೇ ಕೇಳಿತು. ಸುಮಾರು 46,000 ದೇಹಗಳು ಸರ್ಕಾರದ ಖರ್ಚಿನಲ್ಲಿ ತಾಯ್ನಾಡಿಗೆ ಬಂದವು; ಸುಮಾರು 30,000 ಯೂರೋಪಿನಲ್ಲೇ ಉಳಿದವು. ಹಾಗೆ ಉಳಿದವರ ತಾಯಂದಿರನ್ನೂ ಮರುಮದುವೆಯಾಗದ ಹೆಂಡತಿಯರನ್ನೂ 1930ರಿಂದ 1933ರವರೆಗೆ ಸರ್ಕಾರವೇ ಹಡಗು ಹತ್ತಿಸಿ ಸಮಾಧಿಗಳ ಬಳಿಗೆ ಕರೆದೊಯ್ದಿತು. ಹೋದವರು ಆರು ಸಾವಿರಕ್ಕೂ ಹೆಚ್ಚು. ಫ್ರಾನ್ಸ್ ಕೂಡ 1920ರಲ್ಲಿ ಕಾನೂನು ಮಾಡಿ ದೇಹಗಳನ್ನು ಊರೂರಿಗೆ ತಲುಪಿಸಿತು. ಬ್ರಿಟನ್ನಿನ ಬಡ ತಾಯಿಗೆ ಮಾತ್ರ ಕಡಲ್ಗಾಲುವೆ ದಾಟಲು ಸೇಂಟ್ ಬಾರ್ನಬಸ್‌ನಂಥ ದಾನದ ಸಂಸ್ಥೆಗಳೇ ಗತಿ. ಇಂಗ್ಲೆಂಡಿಗೆ ಕೂಗಳತೆಯಲ್ಲಿರುವ ಫ್ರಾನ್ಸಿಗೆ ಹೋಗುವುದೇ ಇಷ್ಟು ಕಷ್ಟವಾದರೆ, ಮೈಸೂರು ಸೀಮೆಯ ತಾಯಿಗೆ ಹೈಫಾದ ಅಚ್ಚುಕಟ್ಟಿನಿಂದ ಆದ ಉಪಕಾರವೇನು?

ಗುರುತು ಸಿಗದ ದೇಹಗಳನ್ನು ತರಲಾಗುತ್ತಿರಲಿಲ್ಲ, ಒಪ್ಪಿದೆ. ಆದರೆ ಕೊಡಲಾಗದವರಿದ್ದಾರೆಂದು ಕೊಡಬಹುದಾದವರಿಗೂ ಕೊಡದಿರುವುದು ಯಾವ ನ್ಯಾಯ?

ಸರಿ, ಸಮಾನತೆಗಾಗಿ ಇಷ್ಟೆಲ್ಲ ಸಹಿಸಿದೆವು ಎನ್ನೋಣ. ಆ ಸಮಾನತೆಯನ್ನಾದರೂ ಉಳಿಸಿಕೊಂಡರೇ? 1927ರ ಅಕ್ಟೋಬರ್ 7ರಂದು ಫ್ರಾನ್ಸಿನ ನವ್ ಶಪೆಲ್‌ನಲ್ಲಿ ಭಾರತೀಯರ ಸ್ಮಾರಕ ಅನಾವರಣಗೊಂಡಿತು. ಯುದ್ಧದಲ್ಲಿ ಮಿತ್ರಪಡೆಗಳ ಮಹಾದಂಡನಾಯಕನಾಗಿದ್ದ ಮಾರ್ಷಲ್ ಫೋಶ್ ಅಂಥವರು ಬಂದಿದ್ದರು. ಸಮಾಧಿಯಿಲ್ಲದ 4,700ಕ್ಕೂ ಹೆಚ್ಚು ಮಂದಿಯ ಹೆಸರುಗಳಿದ್ದವು, ಸಿಪಾಯಿಯ ಹೆಸರೂ ಸೇರಿ. ಎರಡು ವರ್ಷ ತುಂಬುವ ಮೊದಲೇ, 1929ರ ಮಾರ್ಚ್‌ನಲ್ಲಿ, ಇದೇ ಆಯೋಗ ಇರಾಕಿನ ಬಸ್ರಾದಲ್ಲಿ ಇನ್ನೊಂದು ದೊಡ್ಡ ಸ್ಮಾರಕವನ್ನು ತೆರೆಯಿತು. ಅಲ್ಲಿ ಬ್ರಿಟಿಷ್ ಸೈನಿಕರಿಗೆಲ್ಲ ಹೆಸರು. ಭಾರತೀಯರಲ್ಲಿ ಅಧಿಕಾರಿಗಳಿಗೆ ಹೆಸರು. ಉಳಿದ ಭಾರತೀಯ ಸಿಪಾಯಿಗಳಿಗೆ ಪಡೆಯ ಹೆಸರಿನ ಕೆಳಗೆ ಸತ್ತವರು ಎಷ್ಟು ಎಂಬ ಸಂಖ್ಯೆ.