ನೈಕಿ ಅಂದರೆ ತಲೆ ತಗ್ಗಿಸಿ

ಅಮೆರಿಕದ ಅರ್ಕಾನ್ಸಾಸ್ ರಾಜ್ಯದ ಡಗ್ಗರ್ ದಂಪತಿಗೆ 19 ಮಕ್ಕಳು. ಭಕ್ತಿಯ ಕುಟುಂಬ. ಬೀದಿಯಲ್ಲಿ ತುಂಡು ಬಟ್ಟೆಯ ಹೆಂಗಸು ಎದುರಾದರೆ ಯಾರಾದರೂ ಬೂಟು ಕಂಪನಿಯ ಹೆಸರು ‘ನೈಕಿ’ ಅನ್ನಬೇಕು. ತಕ್ಷಣ ಗಂಡುಮಕ್ಕಳೆಲ್ಲ ತಲೆ ತಗ್ಗಿಸಿ ತಮ್ಮ ತಮ್ಮ ಬೂಟು ನೋಡಿಕೊಳ್ಳಬೇಕು. ಒಂದು ಪೈಸೆ ಖರ್ಚಿಲ್ಲದೆ ಪಾಪ ಪರಿಹಾರ!

ಟಿವಿ ನೋಡಿದರೆ ಮಕ್ಕಳು ಕೆಡುತ್ತಾರೆ ಅಂತ ಅವರ ನಂಬಿಕೆ. ಟಿವಿಯಲ್ಲಿ ಕಾಣಿಸಿಕೊಂಡರೆ ಮಾತ್ರ ಏನೂ ಆಗೋದಿಲ್ಲ. ಹಾಗಾಗಿ 2008ರಿಂದ ಟಿಎಲ್‌ಸಿ ಚಾನೆಲ್‌ನ ಕ್ಯಾಮೆರಾ ಆ ಮನೆಯಲ್ಲೇ ಠಿಕಾಣಿ ಹೂಡಿತು. ರಿಯಾಲಿಟಿ ಶೋ ಹೆಸರು ‘17 ಕಿಡ್ಸ್ ಅಂಡ್ ಕೌಂಟಿಂಗ್’. ತೊಟ್ಟಿಲು ತುಂಬಿದ ಹಾಗೆಲ್ಲ ಅದು 18 ಆಯಿತು, 19 ಆಯಿತು. ಈ ಚಾನೆಲ್ಲು ಒಂದು ಕಾಲದಲ್ಲಿ ಜನರಿಗೆ ಪಾಠ ಹೇಳೋದಕ್ಕೆ ಹುಟ್ಟಿದ ‘ಲರ್ನಿಂಗ್ ಚಾನೆಲ್’. ಕಲಿಸಿತು ಬಿಡಿ, ಕೂಡೋ ಲೆಕ್ಕ.

ಆ ಮನೆಯಲ್ಲಿ ಮದುವೆಗೆ ಮುಂಚೆ ಮುತ್ತಿಲ್ಲ. ತಬ್ಬಿಕೊಳ್ಳೋದೂ ಪಕ್ಕದಿಂದ, ಹೆಗಲಿಗೆ ಹೆಗಲು ತಾಗಿಸಿ. ಮದುವೆ ಗೊತ್ತಾದ ಜೋಡಿ ಹೊರಗೆ ಹೊರಟರೆ ಜೊತೆಗೊಬ್ಬ ತಮ್ಮನೋ ತಂಗಿಯೋ ಕಾವಲು. ಇಷ್ಟು ಜೋಪಾನ ಮಾಡಿದ ಮೊದಲ ಮುತ್ತನ್ನು ಮಗಳು ಜಿಲ್ 2014ರಲ್ಲಿ ಕೊಟ್ಟಿದ್ದೆಲ್ಲಿ? ಚರ್ಚಿನಲ್ಲಿ, ಕ್ಯಾಮೆರಾ ಎದುರು, ಲಕ್ಷಾಂತರ ವೀಕ್ಷಕರ ಸಮ್ಮುಖದಲ್ಲಿ. ನಾಚಿಕೆ, ಮರ್ಯಾದೆ ಎಲ್ಲ ಕಾಪಾಡಿಕೊಂಡು!

2015ರಲ್ಲಿ ಪತ್ರಿಕೆಯೊಂದು ಒಳಗಿನ ಕಥೆ ಹೊರಗೆ ಹಾಕಿತು. ಹಿರಿಮಗ ಜೋಶ್ ಹದಿಹರೆಯದಲ್ಲೇ ಚಿಕ್ಕ ಹುಡುಗಿಯರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದ. ಅವರಲ್ಲಿ ಅವನ ತಂಗಿಯರೂ ಇದ್ದರು. ಅಪ್ಪ ಅಮ್ಮನಿಗೆ ಇದು ಶೋ ಶುರುವಾಗುವ ಎಷ್ಟೋ ವರ್ಷ ಮೊದಲೇ ಗೊತ್ತಿತ್ತು. ಬೀದಿಯ ಹೆಂಗಸಿನಿಂದ ಗಂಡುಮಕ್ಕಳನ್ನು ಕಾಪಾಡೋದಕ್ಕೆ ನೈಕಿ ಇತ್ತು. ಮನೆಯ ಹೆಣ್ಣುಮಕ್ಕಳನ್ನು ಕಾಪಾಡೋದಕ್ಕೆ ಏನಿತ್ತು? ಕಥೆ ಹೊರಬಿದ್ದ ಹೊತ್ತಿಗೆ ಈ ಜೋಶ್ ಮಾಡುತ್ತಿದ್ದ ಕೆಲಸವಾದರೂ ಏನು ಅಂತೀರಿ? ವಾಷಿಂಗ್ಟನ್‌ನಲ್ಲಿ ಕುಟುಂಬ ಮೌಲ್ಯಗಳ ಪರ ಲಾಬಿ!

ಚಾನೆಲ್‌ಗೆ ತುಂಬಾ ನೋವಾಯಿತು. ಜುಲೈನಲ್ಲಿ ಶೋ ರದ್ದು. ಡಿಸೆಂಬರ್ ಹೊತ್ತಿಗೆ ನೋವು ವಾಸಿ. ಅದೇ ಮನೆ, ಅದೇ ಹೆಣ್ಣುಮಕ್ಕಳು, ಹೊಸ ಹೆಸರು: ‘ಕೌಂಟಿಂಗ್ ಆನ್’. ತಲೆ ಎಣಿಸೋದನ್ನು ಬಿಟ್ಟರು, ದುಡ್ಡು ಎಣಿಸೋದನ್ನಲ್ಲ. 2021ರಲ್ಲಿ ಮಕ್ಕಳ ಅಶ್ಲೀಲ ಚಿತ್ರಗಳ ಕೇಸಿನಲ್ಲಿ ಜೋಶ್ ಅರೆಸ್ಟ್ ಆದ ಮೇಲೇ ಅದೂ ನಿಂತಿದ್ದು. ಅವನ ಕಂಪ್ಯೂಟರಿನಲ್ಲೂ ಒಂದು ನೈಕಿ ಇತ್ತು. ನೋಡಬಾರದ್ದನ್ನು ನೋಡಿದರೆ ಹೆಂಡತಿಗೆ ವರದಿ ಕಳಿಸುವ ಸಾಫ್ಟ್‌ವೇರ್. ಆಸಾಮಿ ಅದೇ ಕಂಪ್ಯೂಟರಿನಲ್ಲಿ ಅದರ ಕಣ್ಣಿಗೆ ಬೀಳದ ಇನ್ನೊಂದು ಭಾಗ ಮಾಡಿಕೊಂಡಿದ್ದ. 2022ರಲ್ಲಿ ಸುಮಾರು ಹನ್ನೆರಡೂವರೆ ವರ್ಷ ಜೈಲು.

ಜಿಲ್ 2023ರಲ್ಲಿ ಪುಸ್ತಕ ಬರೆದಳು. ಮದುವೆಯ ಹಿಂದಿನ ದಿನ ಏನು ಎತ್ತ ಅಂತ ಹೇಳದೆ ತನ್ನಿಂದ ಶೋ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರಂತೆ. ವರ್ಷಗಟ್ಟಲೆ ಕೈಗೆ ಕಾಸೂ ಬರಲಿಲ್ಲವಂತೆ. ಶೋ ಅಂದರೆ ದೇವರ ಸೇವೆ ಅಂತಲೇ ಮನೆಯಲ್ಲಿ ಹೇಳಿಕೊಟ್ಟಿದ್ದರು. ಸೇವೆ ಅಂದ ಮೇಲೆ ಸಂಬಳ ಕೇಳಬಾರದು, ಅಲ್ವಾ? ಚಾನೆಲ್‌ನವರು ತಮ್ಮ ಜಾಹೀರಾತಿನ ದುಡ್ಡನ್ನು ಚರ್ಚಿನ ಕಾಣಿಕೆ ಡಬ್ಬಿಗೆ ಹಾಕಿದ್ದನ್ನಂತೂ ಯಾವ ಕ್ಯಾಮೆರಾವೂ ತೋರಿಸಿಲ್ಲ.