ಬೆಂಗಳೂರು–ನಿಪ್ಪಾಣಿ ಹೆದ್ದಾರಿ: ಹೊಲಿಗೆ ಬಿಡುವ ಜಾಗಗಳು

"ಬೆಂಗಳೂರಿಂದ ಬೆಳಗಾವಿಗೆ ಈಗೇನ್ ಸ್ವಾಮಿ, ಬೆಣ್ಣೆಯಂಥ ರಸ್ತೆ" ಅನ್ನುವವರು ಬಹಳ ಜನ. ಬೆಣ್ಣೆ ಇರುವುದು ನಿಜ, ಆದರೆ ಮುದ್ದೆಮುದ್ದೆಯಾಗಿ. ರಾಷ್ಟ್ರೀಯ ಹೆದ್ದಾರಿ 48 ನಕ್ಷೆಯಲ್ಲಿ ಒಂದೇ ಗೆರೆ. ನೆಲದ ಮೇಲೆ ಅದು ಬೇರೆ ಬೇರೆ ಗುತ್ತಿಗೆ, ಬೇರೆ ಬೇರೆ ವರ್ಷ, ಬೇರೆ ಬೇರೆ ಅಗಲದ ತುಂಡುಗಳನ್ನು ಹೊಲಿದ ಕೌದಿ. ಒಂದೊಂದು ತುಂಡಿನ ಒಳಗೆ ಅಪಾಯ ಕಡಿಮೆ, ಎರಡು ತುಂಡು ಸೇರುವ ಹೊಲಿಗೆಯಲ್ಲಿ ಹೆಚ್ಚು. ಹೊಲಿಗೆ ಇರುವ ಕಡೆಗಳ ಬಗ್ಗೆ ನಾವು ಮಾತಾಡುವುದೇ ಕಡಿಮೆ ಅನ್ನುವುದು ನನ್ನ ತಕರಾರು.

ಮೊದಲು ನಂಬರಿನ ಗೊಂದಲ ಮುಗಿಸೋಣ. ಇದು ಹಳೇ ಎನ್‌ಎಚ್ 4. 2010ರಲ್ಲಿ ದೇಶದ ಹೆದ್ದಾರಿಗಳಿಗೆ ಹೊಸ ಸಂಖ್ಯೆ ಕೊಟ್ಟಾಗ ದೆಹಲಿ–ಚೆನ್ನೈ ರಸ್ತೆಯ ಭಾಗವಾಗಿ 48 ಆಯಿತು. ತಮಾಷೆ ಏನೆಂದರೆ ಅದಕ್ಕೂ ಮೊದಲು ನಮ್ಮಲ್ಲಿ 48 ಅಂದರೆ ನೆಲಮಂಗಲದಿಂದ ಹಾಸನ, ಮಂಗಳೂರಿಗೆ ಹೋಗುವ ರಸ್ತೆ. ಅದು ಈಗ 75. ಹಳೇ 4 ಕೋಲಾರದ ಕಡೆಯಿಂದ ಚೆನ್ನೈಗೆ ಹೋಗುತ್ತಿತ್ತು, ಈಗಿನ 48 ಹೊಸೂರು, ಕೃಷ್ಣಗಿರಿ ಮೇಲೆ ಹೋಗುತ್ತದೆ. ಇಂದಿನ ಎನ್‌ಎಚ್ 4 ಹುಡುಕಬೇಕೆಂದರೆ ಅಂಡಮಾನಿಗೆ ಹೋಗಬೇಕು! ಮೂರಂಕಿಯ ಸಂಖ್ಯೆ ಕಂಡರೆ ಕೊನೆಯ ಎರಡಂಕಿ ನೋಡಿ, ಯಾವ ಹೆದ್ದಾರಿಯ ಕವಲು ಎಂದು ಗೊತ್ತಾಗುತ್ತದೆ: ಬೆಳಗಾವಿಯಿಂದ ಗೋವಾ ಕಡೆ ಹೋಗುವುದು 748, ಬೆಂಗಳೂರಿಂದ ಕನಕಪುರ, ಕೊಳ್ಳೇಗಾಲಕ್ಕೆ ಹೋಗುವುದು 948.

ಈಗ ತುಂಡುಗಳು. ಯೋಜನಾ ದಾಖಲೆಗಳಲ್ಲಿ ಕಿಲೋಮೀಟರ್ ಎಣಿಕೆ ಬೆಂಗಳೂರಿಂದ ಶುರು. ನೆಲಮಂಗಲ ಸುಮಾರು 29, ತುಮಕೂರು ದಾಟಿದ ಮೇಲೆ 75, ಚಿತ್ರದುರ್ಗ 189, ದಾವಣಗೆರೆ 260, ಹಾವೇರಿ 340, ಹುಬ್ಬಳ್ಳಿಯ ಗಬ್ಬೂರು 403, ಧಾರವಾಡದ ನರೇಂದ್ರ 433, ಬೆಳಗಾವಿ 515, ಕೋಗನೊಳಿ ಆಚೆಯ ಮಹಾರಾಷ್ಟ್ರ ಗಡಿ 592. ಈ ಒಂದೊಂದು ಸಂಖ್ಯೆಯ ಹತ್ತಿರವೂ ಒಂದು ಗುತ್ತಿಗೆ ಮುಗಿದು ಇನ್ನೊಂದು ಶುರುವಾಗುತ್ತದೆ. ಒಂದು ಕಡೆ ಆರು ಪಥ ಮುಗಿದಾಗ ಪಕ್ಕದ ತುಂಡಿನಲ್ಲಿ ಇನ್ನೂ ಅಂಡರ್‌ಪಾಸಿಗೆ ಗುಂಡಿ ತೋಡುತ್ತಿರುತ್ತಾರೆ.

ಹೊಲಿಗೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಗಬ್ಬೂರು–ನರೇಂದ್ರ ಬೈಪಾಸೇ ಸಾಕು. ಎರಡೂ ತುದಿಯಲ್ಲಿ ಅಗಲವಾದ ಹೆದ್ದಾರಿ, ನಡುವಿನ 30 ಕಿ.ಮೀ. ಮಾತ್ರ ವರ್ಷಗಟ್ಟಲೆ ಎರಡೇ ಪಥ, ಡಿವೈಡರ್ ಇರಲಿಲ್ಲ. ಹಳೇ ಟೋಲ್ ಗುತ್ತಿಗೆಯ ಅವಧಿ ಮುಗಿಯದೆ ಅಗಲ ಮಾಡುವುದು ಕಗ್ಗಂಟಾಗಿತ್ತು. 100ರ ವೇಗಕ್ಕೆ ಕಣ್ಣು, ಕಾಲು ಒಗ್ಗಿದ ಚಾಲಕ ಅಲ್ಲಿಗೆ ಬಂದಾಗ ವೇಗ ಇಳಿಸಿದರೂ ಓವರ್‌ಟೇಕ್ ಮಾಡುವ ಅಭ್ಯಾಸ ಇಳಿಸುತ್ತಿರಲಿಲ್ಲ. 2021ರ ಜನವರಿ 15ರಂದು ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಟೆಂಪೊ ಟ್ರಾವೆಲರ್ ಮತ್ತು ಟಿಪ್ಪರ್ ಇಟಿಗಟ್ಟಿ ಬಳಿ ಮುಖಾಮುಖಿಯಾಗಿ ಡಿಕ್ಕಿಯಾದದ್ದು ಇದೇ ಬೈಪಾಸಿನಲ್ಲಿ. ಅಗಲೀಕರಣಕ್ಕೆ ಚುರುಕು ಬಂದದ್ದು ಆಮೇಲೆ.

ಇನ್ನೊಂದು ಹೊಲಿಗೆ ಸರ್ವಿಸ್ ರಸ್ತೆಯದು. ನನಗೆ ಎಲ್ಲಕ್ಕಿಂತ ಸಿಟ್ಟು ಬರಿಸುವುದೂ ಇದೇ. ಊರಿನ ಮುಂದೆ ಸರ್ವಿಸ್ ರಸ್ತೆ ಚೆನ್ನಾಗಿಯೇ ಇರುತ್ತದೆ. ಮುಂದೆ ಒಂದು ಹಳ್ಳ ಬರುತ್ತದೆ, ಮುಖ್ಯ ರಸ್ತೆಗೆ ಸೇತುವೆ ಇದೆ, ಸರ್ವಿಸ್ ರಸ್ತೆಗೆ ಇಲ್ಲ. ಅಲ್ಲಿಗೇ ಡಾಂಬರು ನಿಲ್ಲುತ್ತದೆ. ಆಚೆ ದಡದಲ್ಲಿ ಹೊಲ ಇರುವ ರೈತ ಬೈಕಿನಲ್ಲಿ ಹುಲ್ಲಿನ ಹೊರೆ ಇಟ್ಟುಕೊಂಡು ಎರಡು-ಮೂರು ಕಿ.ಮೀ. ಸುತ್ತಿ ಅಂಡರ್‌ಪಾಸಿನಿಂದ ಬರಬೇಕು. ಬರುತ್ತಾನೆಯೇ? 200 ಮೀಟರ್ ಎದುರು ದಿಕ್ಕಿನಲ್ಲಿ ಹೋಗಿ ದಾಟುತ್ತಾನೆ. ಅದಕ್ಕೆ "ರಾಂಗ್ ಸೈಡ್" ಕೇಸು ಹಾಕುವುದು ಸುಲಭ. ಹಳ್ಳಕ್ಕೆ ಇನ್ನೊಂದು ಸಣ್ಣ ಸೇತುವೆ ಕಟ್ಟುವುದು ಖರ್ಚಿನ ಬಾಬತ್ತು. ಮಳೆಗಾಲದಲ್ಲಿ ಅಂಡರ್‌ಪಾಸಿನೊಳಗೆ ಮೊಣಕಾಲುದ್ದ ನೀರು ನಿಂತರೆ ಸುತ್ತಿ ಬರುವ ದಾರಿಯೂ ಇಲ್ಲ.

ಹಿರಿಯೂರು–ಶಿರಾ ನಡುವಿನ ಕಥೆ ಬೇರೆ. ನೇರ ರಸ್ತೆ, ಬಯಲು, ರಾತ್ರಿ ಎರಡರಿಂದ ಐದರವರೆಗೆ ಕಣ್ಣು ಎಳೆಯುವ ಹೊತ್ತು. ಲಾರಿಯವರಿಗೆ ನಿಲ್ಲಿಸಲು ಸಾಕಷ್ಟು ಜಾಗ ಕೊಟ್ಟಿಲ್ಲ, ಹಾಗಾಗಿ ರಸ್ತೆಯಂಚಿನಲ್ಲೇ ಅರ್ಧ ಒಳಗೆ ಅರ್ಧ ಹೊರಗೆ ನಿಲ್ಲಿಸುತ್ತಾರೆ. ಹಿಂದಿನ ದೀಪಕ್ಕೆ ಕೆಸರು, ರಿಫ್ಲೆಕ್ಟರ್ ಪಟ್ಟಿ ಕಿತ್ತುಹೋಗಿದೆ. 100ರ ವೇಗದ ಕಾರು ಸೆಕೆಂಡಿಗೆ 28 ಮೀಟರ್ ಸಾಗುತ್ತದೆ. ಡಿಮ್ ಲೈಟಿನಲ್ಲಿ ಕಾಣುವುದು ಐವತ್ತು-ಅರವತ್ತು ಮೀಟರ್, ಅಂದರೆ ಕಂಡ ಮೇಲೆ ಉಳಿಯುವುದು ಎರಡು ಸೆಕೆಂಡು. ಕಾಲು ಬ್ರೇಕಿಗೆ ಹೋಗುವುದರೊಳಗೆ ಅದರಲ್ಲಿ ಒಂದು ಮುಗಿದಿರುತ್ತದೆ. ರಾತ್ರಿ ಎಡತುದಿಯ ಪಥ ಬಿಟ್ಟು ನಡುವಿನ ಪಥ ಹಿಡಿಯಿರಿ, 80 ದಾಟಬೇಡಿ. ಕೆಟ್ಟು ನಿಂತ ಗಾಡಿಯ ಹಿಂದೆ ನಾಲ್ಕು ಕಲ್ಲು, ಒಂದು ಸೊಪ್ಪಿನ ಕೊಂಬೆ ಇಟ್ಟು ಹೋಗುವ ನಮ್ಮ ಪದ್ಧತಿಯೂ ಬಿಡಬೇಕು. ಗಾಡಿ ಹೋದ ಮೇಲೆ ಕಲ್ಲು ಅಲ್ಲೇ ಉಳಿಯುತ್ತದೆ, ಮುಂದಿನ ಬೈಕಿಗೆ ಅದೇ ಯಮ.

ಹಾವೇರಿ ದಾಟಿ ಹುಬ್ಬಳ್ಳಿ ಕಡೆ ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಡಾಂಬರಿನ ಪಕ್ಕದ ಮಣ್ಣು ಕುಸಿದು ಗೇಣುದ್ದ ಮೆಟ್ಟಿಲು ಬಿದ್ದಿದ್ದರೆ ಎಡಗಾಲಿ ಜಾರಿದ ತಕ್ಷಣ ಸ್ಟೇರಿಂಗ್ ಎಳೆಯಬೇಡಿ, ಗಾಡಿ ಪಲ್ಟಿಯಾಗುವುದು ಆ ಎಳೆತಕ್ಕೆ. ವೇಗ ಇಳಿಸಿ, ಆಮೇಲೆ ನಿಧಾನ ಹತ್ತಿಸಿ.

ಸಂಕೇಶ್ವರ ಕಡೆಯಿಂದ ನಿಪ್ಪಾಣಿಗೆ ಇಳಿಯುವ ತವಂದಿ ಘಾಟಿನಲ್ಲಿ ಲಾರಿಗಳ ಬ್ರೇಕ್ ಫೇಲ್ ಸುದ್ದಿ ಹಳತು. ಎಲ್ಲ ಸಲವೂ ಬ್ರೇಕಿನ ತಪ್ಪಲ್ಲ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಟ್ಟರೆ ಎಂಜಿನ್ನಿನ ಹಿಡಿತ ಹೋಗಿ ಪೂರ್ತಿ ಭಾರ ಬ್ರೇಕಿನ ಲೈನರಿನ ಮೇಲೆ ಬೀಳುತ್ತದೆ. ಕಾದ ಲೈನರ್ ಹಿಡಿಯುವುದಿಲ್ಲ, ಪದೇ ಪದೇ ಒತ್ತಿದರೆ ಬ್ರೇಕ್ ಹಿಡಿಸುವ ಗಾಳಿಯ ಒತ್ತಡವೂ ಇಳಿಯುತ್ತದೆ. ಇಳಿಯುವ ಮೊದಲೇ ಗೇರ್ ಇಳಿಸಬೇಕು, ಇಳಿಜಾರಿನ ಮಧ್ಯೆ ಅಲ್ಲ.

ಟೋಲ್ ಬಗ್ಗೆ ಬೈಯುವವರು ಸಾಕಷ್ಟು ಇದ್ದಾರೆ, ಎರಡೇ ಮಾತು. 24 ಗಂಟೆಯೊಳಗೆ ಮರಳಿದರೆ ಹೋಗಿಬರುವುದಕ್ಕೆ ಸೇರಿ ಒಂದೂವರೆ ಪಟ್ಟು ಮಾತ್ರ. 2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಶುರುವಾದ ವಾರ್ಷಿಕ ಪಾಸಿನಲ್ಲಿ 200 ಟ್ರಿಪ್ ಅಂದರೆ 200 ಪ್ರಯಾಣವಲ್ಲ, ಒಂದೊಂದು ಪ್ಲಾಜಾ ದಾಟಿದ್ದೂ ಒಂದೊಂದು ಟ್ರಿಪ್. ಬೆಂಗಳೂರು–ನಿಪ್ಪಾಣಿ ಒಂದು ಸಲ ಹೋಗಿಬಂದರೆ ಇಪ್ಪತ್ತರ ಹತ್ತಿರ ಕರಗುತ್ತದೆ.

ಟೋಲ್ ಕಟ್ಟುವ ನಾವು ಬಳಸಿಕೊಳ್ಳದೆ ಬಿಟ್ಟಿರುವುದು ಹೆದ್ದಾರಿ ಸಹಾಯವಾಣಿ 1033. ಅಪಘಾತವಿರಲಿ, ಗುಂಡಿಯಿರಲಿ, ದನ ಅಡ್ಡ ನಿಂತಿರಲಿ, ಈ ನಂಬರಿಗೆ ಹೇಳಬಹುದು. "ಶಿರಾ ಹತ್ರ" ಅಂದರೆ ಶಿರಾದ ಆಚೆಯೋ ಈಚೆಯೋ, ಯಾವ ಬದಿಯೋ ಗೊತ್ತಾಗದೆ ಆಂಬುಲೆನ್ಸ್ ದೂರದ ಯೂ ಟರ್ನ್ ಹುಡುಕುತ್ತಾ ಅಲೆಯುತ್ತದೆ. ಹಳದಿ ತಲೆಯ ಕಿಲೋಮೀಟರ್ ಕಲ್ಲು ನೋಡಿ. ಎರಡು ಕಲ್ಲುಗಳ ನಡುವೆ 200 ಮೀಟರಿಗೊಂದು ಪುಟ್ಟ ಕಲ್ಲಿರುತ್ತದೆ, ಅದನ್ನೂ ಎಣಿಸಿ. ಮೊದಲು ಗಾಡಿ ಯಾವ ಊರಿನ ಕಡೆ ಮುಖ ಮಾಡಿದೆ ಎಂದು ಹೇಳಿ, ಆಮೇಲೆ ಕಲ್ಲಿನ ಸಂಖ್ಯೆ, ಕೊನೆಗೆ ಎಷ್ಟು ಜನರಿಗೆ ಪೆಟ್ಟಾಗಿದೆ ಎಂದು.