ವೇದಿಕೆ ಇಲ್ಲದ ಊರಿನಲ್ಲಿ ಡಿಸೆಂಬರ್

ಡಿಸೆಂಬರ್ ಶುರುವಾಗುವ ಹೊತ್ತಿಗೆ ಸರಿಯಾಗಿ ತೀರ್ಥಹಳ್ಳಿಯಿಂದ ಒಂದು ಫೋನ್ ಬಂತು. ಊರಿನ ಒಂದು ಸಂಘದವರು. ಎಳ್ಳಮಾವಾಸ್ಯೆ ಜಾತ್ರೆ ಸಮಯಕ್ಕೆ ಕಾರ್ಯಕ್ರಮ ಇಟ್ಟುಕೊಂಡಿದ್ದಾರೆ, ಬಡ ಮಕ್ಕಳ ಓದಿಗೆ ದುಡ್ಡು ಕೂಡಿಸುತ್ತಿದ್ದಾರೆ. ಒಳ್ಳೆ ಕೆಲಸವೇ. ಕೊಡಬೇಕು ಅಂದುಕೊಂಡಿದ್ದ ಮೊತ್ತ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಅಮೆರಿಕದಲ್ಲಿ ಇರೋರು ನೀವು, ಇಷ್ಟೇನಾ ಮಾರಾಯ್ರೆ?" ಅಂದರು. ಆಮೇಲೆ ರೇಟು ಬಿಡಿಸಿ ಹೇಳಿದರು. ಹತ್ತು ಸಾವಿರ ಕೊಟ್ಟರೆ ಆಮಂತ್ರಣ ಪತ್ರಿಕೆಯಲ್ಲಿ ಹೆಸರು. ಇಪ್ಪತ್ತೈದು ಕೊಟ್ಟರೆ ಫ್ಲೆಕ್ಸಿನಲ್ಲಿ ಫೋಟೊ. ಐವತ್ತು ಕೊಟ್ಟರೆ ವೇದಿಕೆ ಮೇಲೆ ಕುರ್ಚಿ. "ನಿಮಗೆ ಬರೋಕಾಗಲ್ಲ, ಗೊತ್ತು. ನಿಮ್ಮ ಅಪ್ಪಯ್ಯನ್ನ ಕೂರಿಸ್ತೀವಿ ಬಿಡಿ."

ಫೋನ್ ಇಟ್ಟ ಮೇಲೂ ಮನಸ್ಸು ಚುರುಚುರು ಅನ್ನುತ್ತಿತ್ತು. ಕೊಡುವುದಕ್ಕೆ ಬೇಜಾರಿಲ್ಲ. ಆದರೆ ಮಕ್ಕಳ ಓದಿನ ಮಾತು ಎರಡು ವಾಕ್ಯದಲ್ಲಿ ಮುಗಿದು, ಉಳಿದದ್ದೆಲ್ಲ ಕುರ್ಚಿಯ ಮಾತೇ ಆಯಿತಲ್ಲ, ಅದಕ್ಕೆ.

ಆ ಶನಿವಾರ ಬೆಳಿಗ್ಗೆ ಮಕ್ಕಳನ್ನು ಕರೆದುಕೊಂಡು ನಮ್ಮೂರಿನ ಫೈರ್ ಹಾಲ್‌ಗೆ, ಅಂದರೆ ಬೆಂಕಿ ಗಾಡಿ ನಿಲ್ಲಿಸುವ ಕಟ್ಟಡಕ್ಕೆ, ಹೋದೆವು. ನಮ್ಮೂರು ಅಂದರೆ ಈಗಿನ ನಮ್ಮೂರು. ಪೆನ್ಸಿಲ್ವೇನಿಯಾದ ನಡುಭಾಗದಲ್ಲಿ, ಸಸ್ಕ್ವೆಹಾನಾ ನದಿ ದಂಡೆಯ ಚಿಕ್ಕ ಊರು. ಕ್ರಿಸ್‌ಮಸ್‌ ಬಂತು ಅಂದರೆ ಇಂಥ ಊರುಗಳಲ್ಲಿ ಪ್ರತಿ ಶನಿವಾರ ಏನಾದರೊಂದು ಇದ್ದೇ ಇರುತ್ತದೆ. ಒಂದು ಚರ್ಚಿನಲ್ಲಿ ಕುಕೀಗಳನ್ನು ತೂಕದ ಲೆಕ್ಕದಲ್ಲಿ ಮಾರುತ್ತಾರೆ. ಸ್ಕೌಟ್ ಹುಡುಗರು ಬಾಗಿಲಿಗೆ ಕಟ್ಟುವ ಹಸಿರು ಸೊಪ್ಪಿನ ಬಳೆಗಳನ್ನು ಮಾರಲು ಮನೆ ಮನೆಗೆ ಬರುತ್ತಾರೆ. ಹೊಸ ವರ್ಷದ ದಿನ ಹಂದಿ ಮಾಂಸ, ಹುಳಿ ಬರಿಸಿದ ಕೋಸಿನ ಊಟ ಇರುತ್ತದೆ. ಜರ್ಮನ್ ಮೂಲದ ಇಲ್ಲಿಯವರಿಗೆ ಅದನ್ನು ತಿಂದರೆ ವರ್ಷವೆಲ್ಲ ಶುಭ ಅಂತ ನಂಬಿಕೆ. ಅವತ್ತು ಇದ್ದದ್ದು ಸಾಂಟಾ ಜೊತೆ ತಿಂಡಿ. ಪ್ಯಾನ್‌ಕೇಕ್, ಸಾಸೇಜ್, ಕಿತ್ತಳೆ ರಸ, ಎಷ್ಟು ಕುಡಿದರೂ ಮುಗಿಯದ ನೀರು ಕಾಫಿ.

ದುಡ್ಡು ಹೋಗುವುದು ಬೆಂಕಿ ಆರಿಸುವವರ ಕಂಪನಿಗೆ. ಕಂಪನಿ ಅಂದರೆ ವ್ಯಾಪಾರದ ಕಂಪನಿ ಅಲ್ಲ. ಈ ರಾಜ್ಯದ ಚಿಕ್ಕ ಊರುಗಳಲ್ಲಿ ಬೆಂಕಿ ಆರಿಸುವವರು ಬಹುಪಾಲು ಸಂಬಳವಿಲ್ಲದ ಊರ ಜನರೇ. ಪ್ಲಂಬರ್, ಮೇಷ್ಟ್ರು, ಹಾಲಿನ ಡೈರಿ ಇಟ್ಟುಕೊಂಡವರು. ಸೊಂಟದ ಪೇಜರ್ ಕೂಗಿದರೆ ಮಾಡುತ್ತಿದ್ದ ಕೆಲಸ ಬಿಟ್ಟು ಓಡುತ್ತಾರೆ. ಬೆಂಜಮಿನ್ ಫ್ರಾಂಕ್ಲಿನ್ 1736ರಲ್ಲಿ ಫಿಲಡೆಲ್ಫಿಯಾದಲ್ಲಿ ಗೆಳೆಯರನ್ನು ಸೇರಿಸಿ ಇಂಥದೊಂದು ಕಂಪನಿ ಕಟ್ಟಿದ್ದ. ಆ ಚಾಳಿ ಇಲ್ಲಿ ಇನ್ನೂ ಬಿಟ್ಟಿಲ್ಲ. ಒಂದು ಹೊಸ ಬೆಂಕಿ ಗಾಡಿಗೆ ಐದು ಲಕ್ಷ ಡಾಲರ್‌ಗಿಂತ ಜಾಸ್ತಿ. ಒಬ್ಬರ ಮೈಮೇಲಿನ ದಪ್ಪ ಕೋಟು, ಪ್ಯಾಂಟು, ಬೂಟಿಗೇ ಸಾವಿರಾರು ಡಾಲರ್. ಅದಕ್ಕೆ ಈ ಪ್ಯಾನ್‌ಕೇಕ್.

ಗಾಡಿಗಳನ್ನು ಹೊರಗೆ ನಿಲ್ಲಿಸಿ, ಒಳಗೆ ಮಡಚುವ ಮೇಜು ಹಾಕಿದ್ದರು. ನಾನು ಅಭ್ಯಾಸಬಲದಿಂದ ವೇದಿಕೆ ಯಾವ ಕಡೆ ಅಂತ ನೋಡಿದೆ. ಎದುರು ಸಾಲಿನಲ್ಲಿ ಕೂತು ಸಿಕ್ಕಿಹಾಕಿಕೊಳ್ಳಬಾರದಲ್ಲ. ವೇದಿಕೆಯೇ ಇಲ್ಲ! ಮೈಕೂ ಇಲ್ಲ. ಬಾಗಿಲಲ್ಲಿ ಒಬ್ಬ ಅಜ್ಜಿ, ಮುಂದೆ ಒಂದು ತಗಡಿನ ಡಬ್ಬ. ಮನಸ್ಸಿಗೆ ಬಂದಷ್ಟು ಹಾಕಿ ಅಂತ ಬರೆದಿತ್ತು. ಹಾಕಿದೆ. ಎಷ್ಟು ಅಂತ ಅಜ್ಜಿ ನೋಡಲೂ ಇಲ್ಲ, ಮಕ್ಕಳ ಟೋಪಿ ಚೆನ್ನಾಗಿದೆ ಅಂದಳು.

ಮಾಂಸ ತಿನ್ನುವುದಿಲ್ಲ ಅಂತ ಹೆಂಡತಿ ಹೇಳಿದ್ದಕ್ಕೆ, ಕಾವಲಿ ಮುಂದೆ ನಿಂತಿದ್ದ ಹುಡುಗ ಸಾಸೇಜ್ ಸೋಕದ ಬೇರೆ ಬಾಣಲೆ ಹುಡುಕಿ ತಂದ. ತಿಂದ ಮೇಲೆ ತಟ್ಟೆ ಇಡಲು ಹಿಂದಕ್ಕೆ ಹೋದೆ. ಸಿಂಕಿನ ಮುಂದೆ ಮೊಣಕೈವರೆಗೆ ನೊರೆ ಮಾಡಿಕೊಂಡು ಒಬ್ಬರು ಪಾತ್ರೆ ಉಜ್ಜುತ್ತಿದ್ದರು. ಅವರೇ ಚೀಫ್, ಇಡೀ ಕಂಪನಿಯ ಮುಖ್ಯಸ್ಥರು. ಪಕ್ಕದಲ್ಲಿ ಒರೆಸುತ್ತಿದ್ದವರು ಊರಿನ ಮೇಯರ್. ಯಾರೂ ಫೋಟೊ ತೆಗೆಯುತ್ತಿರಲಿಲ್ಲ. "ಕೆಳಗಿಡಿ, ನಾನು ನೋಡಿಕೊಳ್ತೀನಿ" ಅಂದರು ಚೀಫ್, ಅಷ್ಟೇ. ಭಾಷಣ ಮುಗಿಯಿತು.

ಈಗ ನಮ್ಮ ಕಡೆಯ ಯಾವುದಾದರೂ ಸಹಾಯಾರ್ಥ ಕಾರ್ಯಕ್ರಮ ನೆನಪು ಮಾಡಿಕೊಳ್ಳಿ. ಆರು ಗಂಟೆ ಅಂತ ಹಾಕಿದ್ದರೆ ಏಳೂವರೆಗೆ ಪ್ರಾರ್ಥನೆ. ಆಮೇಲೆ ಸ್ವಾಗತ. ಸ್ವಾಗತಿಸುವವರು ಒಬ್ಬರ ಹೆಸರು ಬಿಟ್ಟು, ಚೀಟಿ ಬಂದ ಮೇಲೆ ಕ್ಷಮೆ ಕೇಳಿ ಮತ್ತೆ ಸ್ವಾಗತಿಸುತ್ತಾರೆ. ದೀಪ ಹಚ್ಚಲು ಹೋದರೆ ಫ್ಯಾನ್ ಗಾಳಿಗೆ ಹತ್ತುವುದಿಲ್ಲ. ಪ್ರಾಸ್ತಾವಿಕ ನುಡಿ, ಅತಿಥಿಗಳ ಪರಿಚಯ, ಹಾರ, ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ಸಮಯದ ಅಭಾವ ಇರುವುದರಿಂದ ಎರಡೇ ಮಾತು ಅಂತ ಎದ್ದು ನಿಂತವರು ಮುಕ್ಕಾಲು ಗಂಟೆ ಕೂರುವುದಿಲ್ಲ. ಅಷ್ಟರಲ್ಲಿ ಡ್ಯಾನ್ಸಿಗೆ ಅಂತ ಬಣ್ಣ ಬಳಿಸಿಕೊಂಡ ಮಕ್ಕಳು ಪರದೆ ಹಿಂದೆ ಅಮ್ಮಂದಿರ ತೊಡೆ ಮೇಲೆ ನಿದ್ದೆ. ಶಾಮಿಯಾನ, ಮೈಕ್ ಸೆಟ್, ಫ್ಲೆಕ್ಸ್, ಶಾಲು, ಫಲಕ ಎಲ್ಲದಕ್ಕೂ ಹೋಗುವುದು ಕೂಡಿಸಿದ ಅದೇ ದುಡ್ಡು. ಕೊನೆಗೆ ಉಳಿದದ್ದರಲ್ಲಿ ಒಂದು ಚೆಕ್ಕು, ಅದನ್ನು ಹಿಡಿದುಕೊಳ್ಳಲು ಹದಿನಾಲ್ಕು ಕೈ.

ಉತ್ಪ್ರೇಕ್ಷೆ ಅನ್ನಿಸಿತಾ? ನನಗಂತೂ ಅನ್ನಿಸುವುದಿಲ್ಲ.

ಆದರೆ ವೇದಿಕೆ ಬಗ್ಗೆ ನನಗೆ ನಿಜವಾಗಿ ಸಿಟ್ಟು ಇರುವುದು ಹೊತ್ತು ಹಾಳಾಗುತ್ತದೆ ಅಂತಲ್ಲ. ಹೊತ್ತು ನಮ್ಮಲ್ಲಿ ಬೇಕಾದಷ್ಟಿದೆ. ಕೊಡುವವರನ್ನು ಹತ್ತಿಸಿದರೆ ಹತ್ತಿಸಲಿ. ತೆಗೆದುಕೊಳ್ಳುವವರನ್ನೂ ಹತ್ತಿಸುತ್ತೇವಲ್ಲ, ಅದು ಯಾಕೆ? ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ದಾನಿಗಳೊಬ್ಬರು ನೋಟ್‌ಬುಕ್, ಛತ್ರಿ ಹಂಚಲು ಬಂದಿದ್ದರು. ಮೇಷ್ಟ್ರು ಮೈಕಿನಲ್ಲಿ "ಅತ್ಯಂತ ಬಡ ಕುಟುಂಬದ ವಿದ್ಯಾರ್ಥಿ" ಅಂತ ಸೇರಿಸಿ ಒಂದೊಂದೇ ಹೆಸರು ಓದುತ್ತಿದ್ದರು. ನನ್ನ ಬೆಂಚಿನ ಹುಡುಗನ ಹೆಸರು ಬಂತು. ಹುಡುಗ ಇಲ್ಲ. ಬಚ್ಚಲ ಹಿಂದೆ ಅಡಗಿದ್ದವನನ್ನು ಹುಡುಕಿ, ಕೈ ಹಿಡಿದು ಎಳೆದುಕೊಂಡು ಬಂದು ಹತ್ತಿಸಿದರು. ಛತ್ರಿ ಕೊಡುವಾಗ ಕ್ಯಾಮೆರಾ ಕಡೆ ನೋಡು ಅಂದರು. ಆ ಮಳೆಗಾಲ ಅವನು ಆ ಛತ್ರಿ ಬಿಚ್ಚಲಿಲ್ಲ. ಗೊರಬು ಹಾಕಿಕೊಂಡೇ ಬಂದ.

ಇಲ್ಲಿ ಡಿಸೆಂಬರ್‌ನಲ್ಲಿ ಅಂಗಡಿ, ಬ್ಯಾಂಕುಗಳಲ್ಲಿ ಒಂದೊಂದು ಕ್ರಿಸ್‌ಮಸ್‌ ಗಿಡ ನಿಲ್ಲಿಸಿ, ಅದರ ತುಂಬ ಕಾಗದದ ಚೀಟಿ ನೇತು ಹಾಕಿರುತ್ತಾರೆ. ಸಾಲ್ವೇಶನ್ ಆರ್ಮಿ ಅನ್ನುವ ಕ್ರೈಸ್ತ ಸೇವಾ ಸಂಸ್ಥೆಯವರು 1979ರಲ್ಲಿ ವರ್ಜೀನಿಯಾದ ಒಂದು ಮಾಲ್‌ನಲ್ಲಿ ಶುರು ಮಾಡಿದ ಪದ್ಧತಿ, ಏಂಜೆಲ್ ಟ್ರೀ ಅನ್ನುತ್ತಾರೆ. ಚೀಟಿಯಲ್ಲಿ ಹುಡುಗನೋ ಹುಡುಗಿಯೋ, ವಯಸ್ಸೆಷ್ಟು, ಜಾಕೆಟ್ ಅಳತೆ, ಬೂಟಿನ ನಂಬರ್, ಏನು ಆಟಿಕೆ ಇಷ್ಟ ಅಂತ ಇರುತ್ತದೆ. ನೀವು ಒಂದು ಚೀಟಿ ಕಿತ್ತುಕೊಂಡು, ಅದರಲ್ಲಿದ್ದದ್ದನ್ನು ತಂದು ಕೊಟ್ಟು ಹೋಗುತ್ತೀರಿ. ಆ ಮಗುವಿನ ಮನೆ ಯಾವುದು ಅಂತ ನಿಮಗೆ ಗೊತ್ತಾಗುವುದಿಲ್ಲ, ತಂದುಕೊಟ್ಟವರು ಯಾರು ಅಂತ ಮಗುವಿಗೂ ಗೊತ್ತಾಗುವುದಿಲ್ಲ. ಮರುವಾರ ನನ್ನ ಮಗಳ ಕ್ಲಾಸಿನಲ್ಲೇ ಆ ಜಾಕೆಟ್ ಓಡಾಡುತ್ತಿದ್ದರೂ ಇರಬಹುದು. ಮೊದಲ ಸಲ ಆ ಗಿಡದ ಮುಂದೆ ನಿಂತಾಗ ನನಗೆ ನೆನಪಾದದ್ದು ಆ ಛತ್ರಿ ಹುಡುಗ.

ಸೂಪರ್ ಮಾರ್ಕೆಟ್ ಬಾಗಿಲಲ್ಲಿ ಗಂಟೆ ಅಲ್ಲಾಡಿಸುತ್ತ ನಿಲ್ಲುವವರೂ ಸಾಲ್ವೇಶನ್ ಆರ್ಮಿಯವರೇ. ಪಕ್ಕದಲ್ಲಿ ಕೆಂಪು ಬಣ್ಣದ ಕೊಳಗ. 1891ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬಡವರಿಗೆ ಕ್ರಿಸ್‌ಮಸ್‌ ಊಟ ಹಾಕಲು ಜೋಸೆಫ್ ಮೆಕ್‌ಫೀ ಅನ್ನುವವರು ಹೀಗೇ ಒಂದು ಕೊಳಗ ಇಟ್ಟಿದ್ದರಂತೆ. ನಾಣ್ಯ ಹಾಕಿದರೂ ಅಷ್ಟೇ, ನೂರರ ನೋಟು ಹಾಕಿದರೂ ಅಷ್ಟೇ, ಅದೇ ಗಂಟೆ, ಅದೇ ನಗು. ನಮ್ಮ ಮಗ ಜೇಬಿನ ಚಿಲ್ಲರೆ ಎಲ್ಲ ಒಂದೊಂದೇ ಹಾಕುತ್ತ ಅಲ್ಲೇ ನಿಂತುಬಿಡುತ್ತಾನೆ. ಹೊರಗೆ ಚಳಿಯಲ್ಲಿ ನಾನು ನಡುಗುತ್ತಿರುತ್ತೇನೆ, ಅದು ಬೇರೆ ಮಾತು.

ಇಷ್ಟು ಹೊಗಳಿದ ಮೇಲೆ ಕೆಲವನ್ನು ಒಪ್ಪಿಕೊಳ್ಳದೆ ಗತಿ ಇಲ್ಲ. ಹೆಂಡತಿ ಇದನ್ನು ಓದಿ, ಅರ್ಧ ಮಾತ್ರ ಬರೆದಿದ್ದೀರಿ ಅಂದಳು.

ಮೊದಲನೆಯದು, ಇಲ್ಲಿಯವರಿಗೂ ಹೆಸರಿನ ಆಸೆ ಇಲ್ಲದೆ ಇಲ್ಲ. ಅವತ್ತು ಪ್ಯಾನ್‌ಕೇಕ್ ತಟ್ಟೆ ಕೆಳಗೆ ಹಾಸಿದ್ದ ಕಾಗದದ ತುಂಬ ಜಾಹೀರಾತು. ಇನ್ಶೂರೆನ್ಸ್ ಏಜೆಂಟು, ಟೈರ್ ಅಂಗಡಿ, ಹೆಣ ಹೂಳುವವರು. ಬೆಳಗ್ಗೆ ಬೆಳಗ್ಗೆ ಸಿರಪ್ ತೊಟ್ಟಿಕ್ಕಿದ ಜಾಗದಲ್ಲಿ ಅವರ ಫೋನ್ ನಂಬರ್! ಪಾರ್ಕಿನ ಬೆಂಚು, ಲೈಬ್ರರಿ ಮುಂದಿನ ಇಟ್ಟಿಗೆ, ಎಲ್ಲದರ ಮೇಲೂ ಕೊಟ್ಟವರ ಹೆಸರು ಕೊರೆದಿರುತ್ತದೆ. ಮೈಕಿನಲ್ಲಿ ಕೂಗಿ ಹೇಳುವುದಿಲ್ಲ ಅಷ್ಟೇ.

ಎರಡನೆಯದು ಸ್ವಲ್ಪ ಕಷ್ಟದ್ದು. ಬೆಂಕಿ ಆರಿಸಲು ಯಾಕಪ್ಪಾ ಪ್ಯಾನ್‌ಕೇಕ್ ಮಾರಬೇಕು? ತೀರ್ಥಹಳ್ಳಿಯಲ್ಲಿ ಬೆಂಕಿ ಬಿದ್ದರೆ ಸರ್ಕಾರದ ಗಾಡಿ ಬರುತ್ತದೆ, ತಡವಾದರೂ ಬರುತ್ತದೆ. ಅದಕ್ಕೆ ನಮ್ಮಪ್ಪ ದೋಸೆ ಹುಯ್ಯಬೇಕಿಲ್ಲ. ಇಲ್ಲಿ ಪಾತ್ರೆ ಉಜ್ಜುವ ಕೈಗಳಿಗೂ ವಯಸ್ಸಾಗುತ್ತಿದೆ. 1970ರ ದಶಕದಲ್ಲಿ ಈ ರಾಜ್ಯದಲ್ಲಿ ಮೂರು ಲಕ್ಷದಷ್ಟು ಇದ್ದ ಸ್ವಯಂಸೇವಕರು ಈಗ 38 ಸಾವಿರಕ್ಕೆ ಇಳಿದಿದ್ದಾರೆ ಅಂತ 2018ರಲ್ಲಿ ಶಾಸನಸಭೆಯ ಒಂದು ವರದಿ ಹೇಳಿತ್ತು. ಇನ್ನೂ ಬೇಜಾರಿನದು ಪೆಟ್ರೋಲ್ ಬಂಕಿನ ಕೌಂಟರಿನ ಮೇಲಿರುವ ಗಾಜಿನ ಜಾಡಿ. ಅದರ ಮೇಲೆ ಯಾರದೋ ಫೋಟೊ. ಕ್ಯಾನ್ಸರ್ ಚಿಕಿತ್ಸೆಗೆ ಸಹಾಯ ಮಾಡಿ, ಶನಿವಾರ ಇಂಥ ಹಾಲ್‌ನಲ್ಲಿ ಸ್ಪಗೆಟ್ಟಿ ಊಟ ಅಂತ ಬರೆದಿರುತ್ತದೆ. ಜಗತ್ತಿನ ಶ್ರೀಮಂತ ದೇಶ. ಆಸ್ಪತ್ರೆ ಬಿಲ್ಲಿಗೆ ಶಾವಿಗೆ ಮಾರುತ್ತದೆ. ಅಲ್ಲಿ ಆ ಮನುಷ್ಯನ ಹೆಸರು, ಮುಖ, ಕಾಯಿಲೆ ಎಲ್ಲವೂ ಊರ ಮುಂದೆ. ಏಂಜೆಲ್ ಟ್ರೀಯ ಮರ್ಯಾದೆ ಅವನಿಗೆ ಸಿಗುವುದಿಲ್ಲ. ನಮ್ಮಲ್ಲೂ ಚಿಕಿತ್ಸೆಗೆ ಅಂತ ಸಹಾಯಾರ್ಥ ಯಕ್ಷಗಾನ ಆಡಿಸುತ್ತಾರೆ, ಇಲ್ಲ ಅನ್ನುವುದಿಲ್ಲ.

ಇನ್ನು ನಮ್ಮೂರಿನ ಲೆಕ್ಕ. ನಾನು ವೇದಿಕೆ ಮುಂದಿನದನ್ನಷ್ಟೇ ಹೇಳಿದೆ. ಜಾತ್ರೆಯಲ್ಲಿ ಸಂತರ್ಪಣೆ ಅಂದರೆ ಹಿಂದಿನ ರಾತ್ರಿ ಶುರುವಾಗುತ್ತದೆ. ತೋಟದ ಕೆಲಸ ಮುಗಿಸಿ ಬಂದವರು ಸಾಲಾಗಿ ಕೂತು ಬೆಳಗಿನ ಜಾವದವರೆಗೂ ಸೌತೆ, ಕುಂಬಳ ಹೆಚ್ಚುತ್ತಾರೆ. ಹೆಂಗಸರು ಕಾಯಿ ತುರಿಯುತ್ತಾರೆ. ಎಲೆ ಅಡಿಕೆ, ಹಳೆ ಕಥೆ, ನಗು. ಅವರ ಯಾರ ಹೆಸರೂ ಯಾವ ಫ್ಲೆಕ್ಸಿನಲ್ಲೂ ಇಲ್ಲ. ಮರುದಿನ ಪಂಕ್ತಿಯಲ್ಲಿ ಕೂತವರನ್ನು ಡಬ್ಬಕ್ಕೆ ಎಷ್ಟು ಹಾಕಿದಿರಿ ಅಂತ ಯಾರೂ ಕೇಳುವುದಿಲ್ಲ, ಬಾಗಿಲಲ್ಲಿ ಡಬ್ಬವೇ ಇರುವುದಿಲ್ಲ. ನಮ್ಮ ಫೈರ್ ಹಾಲಿನ ಡಬ್ಬದ ಮುಂದೆ ಏನೂ ಹಾಕದೆ ಒಳಗೆ ಹೋಗುವ ಧೈರ್ಯ ಎಷ್ಟು ಜನಕ್ಕಿದೆಯೋ ಕಾಣೆ. ಅಜ್ಜಿ ನೋಡದಿದ್ದರೂ ಹಿಂದಿನವರು ನೋಡುತ್ತಾರಲ್ಲ.

ಅಪ್ಪನ ಮಾತನ್ನೂ ಹೇಳಿಬಿಡಬೇಕು. ದುಡ್ಡು ಕಳಿಸಿದೆ. ಅವರು ಕುರ್ಚಿ ಮೇಲೆ ಕೂತರು. ಎಷ್ಟೋ ವರ್ಷದಿಂದ ಮಾತು ಬಿಟ್ಟಿದ್ದ ದಾಯಾದಿಯೊಬ್ಬರನ್ನು ಸಂಘದವರು ಬೇಕಂತಲೋ ಗೊತ್ತಿಲ್ಲದೆಯೋ ಪಕ್ಕದ ಕುರ್ಚಿಯಲ್ಲೇ ಕೂರಿಸಿದ್ದರಂತೆ. ಭಾಷಣ ಎಷ್ಟು ಉದ್ದವಾಯಿತು ಅಂದರೆ, ಇಬ್ಬರೂ ಅದನ್ನು ಬೈಯುತ್ತ ಬೈಯುತ್ತ ಮಾತಿಗೆ ಶುರು ಮಾಡಿದರಂತೆ. ಪ್ಯಾನ್‌ಕೇಕ್ ಹಾಲ್‌ನಲ್ಲಿ ಇಪ್ಪತ್ತು ನಿಮಿಷಕ್ಕೆ ತಿಂದು ಎದ್ದುಬಿಡುವವರಿಗೆ ಅಂಥದೊಂದು ಆಗುವುದು ಸುಲಭವಲ್ಲ. ಇಷ್ಟಾದರೂ ಮಕ್ಕಳನ್ನು ಹತ್ತಿಸಿ ಛತ್ರಿ ಕೊಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಆ ಒಂದು ಮೆಟ್ಟಿಲು ಕಿತ್ತುಹಾಕಿ, ಮಿಕ್ಕ ವೇದಿಕೆ ಇಟ್ಟುಕೊಳ್ಳಿ.

ಮೊನ್ನೆ ಇಲ್ಲಿನ ನಮ್ಮ ಕನ್ನಡ ಬಳಗದ ಮೀಟಿಂಗಿನಲ್ಲಿ ಒಂದು ಸಲಹೆ ಇಟ್ಟೆ. ಈ ಸಂಕ್ರಾಂತಿ ಊಟವನ್ನು ಫೈರ್ ಹಾಲ್‌ನಲ್ಲೇ ಮಾಡೋಣ. ಪೊಂಗಲ್, ಕೋಸಂಬರಿ, ಚಿತ್ರಾನ್ನ. ಊರವರನ್ನೂ ಕರೆಯೋಣ, ಬಂದ ದುಡ್ಡು ಅವರ ಗಾಡಿಗೆ. ಆದರೆ ವೇದಿಕೆ ಬೇಡ, ಮೈಕ್ ಬೇಡ, ಸ್ವಾಗತ ಬೇಡ. ಎಲ್ಲರೂ ಒಳ್ಳೆ ಐಡಿಯಾ ಅಂದರು. ಕಾರ್ಯದರ್ಶಿಗಳು ಬರೆದುಕೊಂಡರು. ಬರೆದುಕೊಂಡು ತಲೆ ಎತ್ತಿ, "ಎಲ್ಲಾ ಸರಿ, ಆದ್ರೆ ಚೀಫ್‌ಗೆ ಒಂದು ಶಾಲು ಹೊದಿಸದೆ ಇರಕ್ಕಾಗುತ್ತಾ? ನಾಕು ಮಾತು ಹೇಳಬೇಕಾಗುತ್ತೆ, ಒಂದು ಚಿಕ್ಕ ಮೈಕ್ ಇರಲಿ" ಅಂದರು. ಹೇಗೂ ಮೈಕ್ ಇರುತ್ತಲ್ಲ, ಮಕ್ಕಳದ್ದು ಒಂದು ಪ್ರಾರ್ಥನೆ ಆಗಿಬಿಡಲಿ ಅಂತ ಇನ್ನೊಬ್ಬರು ಸೇರಿಸಿದರು. ನಿರೂಪಣೆ ಯಾರು ಅನ್ನುವುದಕ್ಕೆ ಈಗಾಗಲೇ ಮೂರು ಹೆಸರು ಬಂದಿವೆ.